ಹುಲುಗಪ್ಪನ ಬಾಯಿಗೆ ಹೊಂದಿದ ರೀಡು

ತೊಂಬತ್ತರ ದಶಕದ ಮೊದಲ ವರ್ಷಗಳು. ಆಗ ನಾನು ಹೊಸಪೇಟೆಯಲ್ಲಿ ಬ್ಯಾಂಡ್‌ಸೆಟ್ಟಿನವರಿಗೆ ಕ್ಲಾರಿಯೋನೆಟ್ ಕಲಿಸುತ್ತಿದ್ದೆ. ಕಾಲುವೆ ನೀರಿನಿಂದ ಭತ್ತ, ಕಬ್ಬು ಕೈಹಿಡಿದಿದ್ದ ಕಂಪ್ಲಿ ಕಡೆ ಮದುವೆಗಳೂ ಜೋರು. ಬ್ಯಾಂಡ್ ಇಲ್ಲದ್ದನ್ನು ಅಲ್ಲಿ ಮೆರವಣಿಗೆ ಎನ್ನುತ್ತಲೇ ಇರಲಿಲ್ಲ.

ಕ್ಲಾರಿಯೋನೆಟ್ಟಿನ ಬಾಯಿತುದಿಗೆ ಬಿಗಿಯುವ ತೆಳ್ಳನೆಯ ಪಟ್ಟಿಯೇ ರೀಡ್. ಅದು ಅದುರಿದರೆ ನಾದ. ಒಂದು ಜಾತಿಯ ಜೊಂಡಿನಿಂದ ಮಾಡುವ ಈ ರೀಡು ಎಂಜಲಿನಲ್ಲಿ ನೆನೆಯದೆ ಮಾತಾಡುವುದಿಲ್ಲ. ಪ್ಲಾಸ್ಟಿಕ್ ರೀಡಿಗೆ ಆ ಹಂಗಿಲ್ಲ. ಅಂಗಡಿಯವನೊಬ್ಬ ಮುಂಬೈಯಿಂದ ತರಿಸಿಕೊಟ್ಟಿದ್ದ ಅಂಥದೊಂದನ್ನು ನಾನು ‘ಬಾಚಣಿಗೆ ಹಲ್ಲು’ ಎಂದು ಗೇಲಿ ಮಾಡಿ ಮೂಲೆಗೆಸೆದಿದ್ದೆ.

ಕಂಪ್ಲಿಯ ಬ್ಯಾಂಡಿನಲ್ಲಿ ಮುಂದೆ ನಿಂತು ಊದುತ್ತಿದ್ದ ಹುಲುಗಪ್ಪ ನನ್ನ ಹಳೆಯ ಶಿಷ್ಯ. ಕುತ್ತಿಗೆಯ ಗಂಟಿಗೆ ದೊಡ್ಡಾಸ್ಪತ್ರೆಯಲ್ಲಿ ಕರೆಂಟ್ ಕೊಟ್ಟಿದ್ದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಗಂಟು ಕರಗಿತು, ಜೊತೆಗೆ ಬಾಯಿಯೂ ಒಣಗಿತು. ಒಂದು ದಿನ ನನ್ನಲ್ಲಿಗೆ ಬಂದು ಕೂತ.

“ಎಂಜಲಾ ಬರವಲ್ದ್ರಿ ಮಾಸ್ತರ. ರೀಡು ನೀರಾಗ ಅದ್ದತೀನಿ, ಒಂದು ಹಾಡು ಮುಗಿಯೂದ್ರಾಗ ಒಣಗಿ ಕೀರ್ ಅಂತೈತಿ. ಬ್ಯಾಂಡಿನ ಯಜಮಾನ ಈ ಸೀಜನ್ನಿಗೆ ಬ್ಯಾರೆಯವ್ರನ್ನ ನೋಡಾಕತ್ಯಾನ. ಊದೂದು ಬಿಟ್ರ ನಾ ಯಾರ್ರೀ?”

ಎದ್ದು ಹೋಗಿ ಆ ಬಾಚಣಿಗೆ ಹಲ್ಲನ್ನು ಹುಡುಕಿ ತಂದೆ. ಅವನು ಮುಟ್ಟಲೂ ಇಲ್ಲ.

“ಬ್ಯಾಡ್ರಿ. ಅದಕ ಜೀವ ಇಲ್ಲಂತ ನೀವಾ ಅಂದಿದ್ರಿ.”

“ಅಂದಿದ್ದೆ. ಬಾಯಿ ಮುಚ್ಚಿಕೊಂಡು ಊದಲೇ!” ಎಂದೆ. ಬಾಯಿ ಮುಚ್ಚಿಕೊಂಡು ಊದುವುದು ಹೇಗೆಂದು ಅವನಿಗೆ ನಗು ಬಂತು. ನಗುತ್ತಲೇ ತುಟಿಗಿಟ್ಟ.

ನಾದ ಬಂತು, ಆದರೆ ತಗಡು ಕೆರೆದ ಹಾಗೆ. ಜೊಂಡಿನ ಅಭ್ಯಾಸಕ್ಕೆ ಅವನು ತುಟಿ ಬಿಗಿ ಮಾಡುತ್ತಿದ್ದ. “ಕಚ್ಚಬ್ಯಾಡ, ತುಟಿ ಸಡಿಲ ಬಿಡು” ಎಂದೆ. ರೀಡನ್ನು ಕೂದಲೆಳೆಯಷ್ಟು ಕೆಳಗಿಳಿಸಿ ಬಿಗಿದೆ. ಹಾಗೆ ಮಾಡಿದರೆ ರೀಡು ಹಗುರವಾಗಿ ಅದುರುತ್ತದೆ. ಮದುವೆ ಹಂಗಾಮು ಬರುವವರೆಗೂ ಕಂಪ್ಲಿ ಬಸ್ಸು ಹತ್ತಿ ಬಂದು ಅವನು ಹೊಸಬನಂತೆ ಸರಿಗಮ ಊದಿದ. ಇಪ್ಪತ್ತು ವರ್ಷ ಊದಿದವನಿಗೆ ಅದೆಷ್ಟು ಕಷ್ಟವೆಂದು ಊದುವವರಿಗೇ ಗೊತ್ತು. ಒಮ್ಮೆ ವಾದ್ಯ ಕೆಳಗಿಟ್ಟು ಅತ್ತೂಬಿಟ್ಟ.

ಹಂಗಾಮಿನ ಮೊದಲ ಮೆರವಣಿಗೆಗೆ ನಾನೂ ಕಂಪ್ಲಿಗೆ ಹೋದೆ. ಒಂದೇ ಒಂದು ಅವಕಾಶ ಕೊಡುತ್ತೇನೆ ಎಂದಿದ್ದ ಯಜಮಾನ ಪಕ್ಕದಲ್ಲೇ ನಡೆಯುತ್ತಿದ್ದ. ಉರಿಬಿಸಿಲು. ಹುಲುಗಪ್ಪ ಹಾಡಿನ ಮೇಲೆ ಹಾಡು ಊದಿದ, ರೀಡು ಎಲ್ಲಿಯೂ ಕೀರ್ ಎನ್ನಲಿಲ್ಲ. ಅರ್ಧ ದಾರಿಗೆ ಯಜಮಾನ ನಿಶ್ಚಿಂತೆಯಿಂದ ಬೀಡಿ ಹಚ್ಚಿದ. ಆದರೆ ಆ ಹಳೆಯ ಜೇನಿನಂಥ ನಾದ ಇರಲಿಲ್ಲ, ಒಂದಿಷ್ಟು ಒರಟಾಗಿತ್ತು. ನನ್ನ ಕಿವಿ ಸುಳ್ಳು ಹೇಳದು.

ಮೆರವಣಿಗೆ ಮುಗಿದ ಮೇಲೆ ಬೆವರು ಒರೆಸುತ್ತಾ ಬಂದ. “ಹೆಂಗಿತ್ರಿ ಮಾಸ್ತರ?”

ಶಿಷ್ಯನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಮೊದಲಿನಂಗ ಇಲ್ಲೋ” ಎಂದೆ.

“ನಾನೂ ಮೊದಲಿನಂಗ ಇಲ್ಲಲ್ರೀ” ಎಂದು ನಕ್ಕ.

ಅಂದಿನಿಂದ ಯಾರೇ ಕಲಿಯಲು ಬರಲಿ, ರೀಡು ತೆಗೆಯುವ ಮೊದಲು ನಾನು ಅವರನ್ನು ಕೂರಿಸಿ ಮಾತಾಡಿಸುತ್ತೇನೆ. ಬಂದವರು ಯಾರು, ಅವರ ಬಾಯಿಗೆ ಯಾವ ರೀಡು ಹೊಂದೀತು ಎಂದು ತಿಳಿದ ಮೇಲೆಯೇ ಪಾಠ.