ಹದದಮ್ಮ ಕಲಿಸಲು ಕಲಿತದ್ದು

ಸೋಪು ಕಾರ್ಖಾನೆಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ಹದದಮ್ಮ ಎನ್ನುತ್ತಿದ್ದರು. ಎಣ್ಣೆಗೆ ಕ್ಷಾರದ ನೀರು ಸೇರಿ, ಕಲಕುತ್ತ ಕಲಕುತ್ತ ಮಿಶ್ರಣ ಗಟ್ಟಿಯಾಗತೊಡಗಿದಾಗ ಹೊಸಬರು "ಈಗ ಅಚ್ಚಿಗೆ ಸುರೀಲಾ ಅಮ್ಮಾ?" ಎಂದು ಕೇಳಿದರೆ ಅವಳದು ಒಂದೇ ಉತ್ತರ: "ಹದ ನೋಡ್ಕೊಂಡು ಸುರಿ." ಅವಳ ಕೈಯಲ್ಲಿ ಸೋಪು ಕೆಟ್ಟದ್ದೇ ಇಲ್ಲ. ಅದಕ್ಕೇ ಯಜಮಾನ ಕಲಿಸುವ ಕೆಲಸವನ್ನೂ ಅವಳ ತಲೆಗೇ ಕಟ್ಟಿದ್ದ.

ಆದರೆ ಅವಳು ಕಲಿಸಿದವರ ಕೈಯಲ್ಲಿ ಕೆಡುತ್ತಲೇ ಇತ್ತು. ಎಲ್ಲರಿಗಿಂತ ಹೆಚ್ಚು ಕೆಡಿಸಿದವನು ದರ್ಜಿ. ಹೊಲಿಗೆ ಅಂಗಡಿ ಮುಚ್ಚಿಹೋಗಿ, ತಲೆ ನರೆಯುವ ಹೊತ್ತಿಗೆ ಹೊಸ ಕೆಲಸಕ್ಕೆ ಕೈ ಹಾಕಿದವನು. "ಪರೀಕ್ಷೆಗೆ ಒಂದು ಪಾತ್ರೆ ಅವನೊಬ್ಬನೇ ಮಾಡಲಿ. ಅದನ್ನೂ ಕೆಡಿಸಿದರೆ ಅವನು ಮನೆಗೆ" ಎಂದ ಯಜಮಾನ.

"ಪಾತ್ರೆ ಸರಿಯಿಲ್ಲ, ಎಣ್ಣೆ ಸರಿಯಿಲ್ಲ ಅಂತಾನೆ. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!" ಎಂದು ಹದದಮ್ಮ ಗೊಣಗಿದಳು. ಗೊಣಗಿದಳೇ ಹೊರತು, ಅವನು ಮನೆಗೆ ಹೋಗುವುದು ಅವಳಿಗೂ ಬೇಕಿರಲಿಲ್ಲ.

ಬಾಡಿಗೆ ಕಾರು ಓಡಿಸುವ ಸೊಸೆ, ಭಾನುವಾರ ಅತ್ತೆಗೂ ಕಾರು ಕಲಿಸುತ್ತೇನೆಂದು ಖಾಲಿ ಮೈದಾನಕ್ಕೆ ಕರೆದೊಯ್ದಳು.

"ಕ್ಲಚ್ಚು ಹದವಾಗಿ ಬಿಡಿ ಅತ್ತೆ."

ಕಾರು ಕಪ್ಪೆಯಂತೆ ಕುಪ್ಪಳಿಸಿ ಉಸಿರು ನಿಲ್ಲಿಸಿತು.

"ನಿನ್ನ ಗಾಡೀನೇ ಸರಿಯಿಲ್ಲ ಕಣೇ."

"ಹೌದೌದು, ಕುಣೀಲಾರದವಳು..." ಸೊಸೆ ಅಷ್ಟಕ್ಕೇ ನಿಲ್ಲಿಸಿ ಕಿಟಕಿಯತ್ತ ತಿರುಗಿ ನಕ್ಕಳು.

"ನಗೋದು ಆಮೇಲೆ. ಹದ ಅಂದ್ರೆ ಎಷ್ಟು, ಅದನ್ನ ಹೇಳು ತಾಯಿ!"

"ಅದು ಕಾಲಿಗೇ ಗೊತ್ತಾಗುತ್ತೆ ಅತ್ತೆ."

"ನಿನ್ನ ಕಾಲಿಗೆ ಗೊತ್ತು. ನನ್ನ ಕಾಲಿಗೆ ಯಾರು ಹೇಳಿಕೊಟ್ಟಿದ್ದಾರೆ?"

ಅನ್ನುವಷ್ಟರಲ್ಲಿ ದರ್ಜಿಯ ಬೆಪ್ಪಾದ ಮುಖ ಕಣ್ಣೆದುರು ಬಂದು ನಿಂತಿತ್ತು.

ಮರುದಿನ ಅವಳು ಪಾಠ ಮಾಡಲಿಲ್ಲ. ಕೆಟ್ಟ ಸೋಪನ್ನೆಲ್ಲ ಮುಂದೆ ಹರವಿಕೊಂಡು ಕುಳಿತಳು. ದರ್ಜಿಯದೆಲ್ಲ ಒಂದೇ ಬಗೆ: ಮೇಲೆ ಎಣ್ಣೆ ತೇಲಿದ್ದು. ಅಂದರೆ ಬೇಗ ಸುರಿದದ್ದು.

"ಯಾಕಪ್ಪಾ ಇಷ್ಟು ಅವಸರ?"

"ಪಾತ್ರೇಲೇ ಕಲ್ಲಾಗಿಬಿಟ್ರೆ ಅಂತ ಭಯ ಅಮ್ಮಾ."

ರೋಗ ಸಿಕ್ಕಿತು. ಅವನಿಗೆ ಸೋಪಿನ ಪುರಾಣ ಬೇಕಿರಲಿಲ್ಲ. ಸುರಿಯುವ ಗಳಿಗೆ ಕಣ್ಣಿಗೆ ಕಾಣಬೇಕಿತ್ತು. ಆದ್ದರಿಂದ ಪಾಠಕ್ಕಿಂತ ಮೊದಲು ಪರೀಕ್ಷೆಯಲ್ಲಿ ಅವನು ಏನು ಮಾಡಬೇಕೆಂಬುದನ್ನೇ ಗೊತ್ತುಮಾಡಿಕೊಂಡಳು: ಯಾರನ್ನೂ ಕೇಳದೆ ಸರಿಯಾದ ಗಳಿಗೆಯಲ್ಲಿ ಸುರಿಯಬೇಕು. ಅದಕ್ಕೆ ಬೇಕಾದದ್ದಷ್ಟೇ ಪಾಠ. ಉಳಿದದ್ದು ಹೊಟ್ಟಿನಂತೆ ಹಾರಿಹೋಗಲಿ.

ಆಮೇಲೆ ಕಳ್ಳನನ್ನು ಕಾಯುವಂತೆ ತನ್ನ ಕೈಯನ್ನೇ ಕಾದಳು. ಸುರಿಯುವ ಮುನ್ನ ಆ ಕೈ, ಅವಳಿಗೂ ಹೇಳದೆ, ಸೌಟಿನಿಂದ ಮಿಶ್ರಣದ ಮೇಲೆ ಒಂದು ಧಾರೆ ಎಳೆಯುತ್ತಿತ್ತು! ಧಾರೆಯ ಗೆರೆ ಮುಳುಗಿದರೆ ಎಳಸು, ಮೇಲೆ ನಿಂತರೆ ಹದ, ಸೌಟೇ ಮೊಂಡು ಹಿಡಿದರೆ ಬಲಿತದ್ದು.

ಸಂಜೆ ಕರೆದೊಯ್ಯಲು ಬಂದ ಸೊಸೆಗೆ ಕೈಗವಸು, ಕನ್ನಡಕ ತೊಡಿಸಿ ಪಾಠವನ್ನು ಮೊದಲು ಅವಳ ಮೇಲೇ ಪ್ರಯೋಗಿಸಿದಳು. ಸೊಸೆ ಸೌಟನ್ನು ಭುಜದೆತ್ತರ ಎತ್ತಿ ಧಾರೆ ಬಿಟ್ಟಳು. ಗೆರೆಯ ಬದಲು ಗುಳಿ ಬಿತ್ತು.

"ಎಷ್ಟು ಎತ್ತರ ಅಂತ ನೀವು ಹೇಳ್ಲೇ ಇಲ್ಲ ಅತ್ತೆ!"

ನಾಲಗೆ ತುದಿಗೆ ಬಂದ ಗಾದೆಯನ್ನು ಹದದಮ್ಮ ನುಂಗಿಕೊಂಡಳು. 'ಒಂದು ಗೇಣು ಎತ್ತರದಿಂದ' ಎಂಬ ಮಾತು ಪಾಠಕ್ಕೆ ಸೇರಿತು.

ದರ್ಜಿಯ ಮುಂದೆ ಎಳಸು, ಹದ, ಬಲಿತದ್ದು, ಮೂರನ್ನೂ ಚಿಕ್ಕ ಪಾತ್ರೆಗಳಲ್ಲಿ ಸಾಲಾಗಿ ಇಟ್ಟಳು. "ಮೂರರಲ್ಲೂ ಗೆರೆ ಎಳಿ. ಇವತ್ತು ಕೆಟ್ಟರೂ ಚಿಂತೆಯಿಲ್ಲ, ಯಜಮಾನರಿಗೆ ನಾನು ಹೇಳ್ಕೋತೀನಿ."

ಎಳೆಯುತ್ತ ಎಳೆಯುತ್ತ ಅವನ ಮುಖ ಅರಳಿತು. "ಇದು ಬಟ್ಟೆ ಮೇಲಿನ ಸೀಮೆಸುಣ್ಣದ ಗೆರೆ ಇದ್ದ ಹಾಗೆ! ಗೆರೆ ಕಾಣದೆ ಕತ್ತರಿ ಹಾಕೋ ಹಾಗಿಲ್ಲ."

ಪರೀಕ್ಷೆಯ ದಿನ ಯಜಮಾನ ಎದೆಯ ಮೇಲೆ ಕೈಕಟ್ಟಿ ನಿಂತ. ದರ್ಜಿ ಗೆರೆ ಎಳೆದ, ಮುಳುಗಿತು. ಅಭ್ಯಾಸಬಲದಿಂದ ಹದದಮ್ಮನ ಮುಖ ನೋಡಿದ. ಅವಳು ತುಟಿ ಕಚ್ಚಿಕೊಂಡು ಸೂರು ನೋಡುತ್ತಿದ್ದಳು. ಕಲಕಿ ಮತ್ತೆ ಎಳೆದ, ಅದೂ ಮುಳುಗಿತು. ಹಣೆಯ ಬೆವರು ಕನ್ನಡಕಕ್ಕೆ ಇಳಿದರೂ ಕಲಕುವುದನ್ನು ಬಿಡಲಿಲ್ಲ. ಮುಂದಿನ ಗೆರೆ ನಿಂತಿತು.

"ಕತ್ತರಿ ಹಾಕ್ತೀನಿ" ಎಂದವನೇ ಸುರಿದ.

ಮರುದಿನ ಅಚ್ಚು ಬಿಚ್ಚಿದಾಗ ಎಣ್ಣೆಯ ಪಸೆ ಇರಲಿಲ್ಲ. ಯಜಮಾನ ಬೆರಳಾಡಿಸಿ ನೋಡಿ, "ದೊಡ್ಡ ಪಾತ್ರೆ ಇವನಿಗೇ ಕೊಡಿ" ಎಂದು ನಡೆದ.

ಭಾನುವಾರ ಮತ್ತೆ ಅದೇ ಮೈದಾನ. ಸೊಸೆ "ಹದವಾ..." ಎಂದು ನಾಲಗೆ ಕಚ್ಚಿಕೊಂಡಳು. "ಮೆಲ್ಲಗೆ ಬಿಡ್ತಾ ಬನ್ನಿ. ಗಾಡಿ ನಡುಗಿದ ಕೂಡಲೇ ಕಾಲು ಅಲ್ಲೇ ನಿಲ್ಲಿಸಿ."

ಗಾಡಿ ನಡುಗಿತು. ಕಾಲು ನಿಂತಿತು. ಕಾರು ಹಸುವಿನಂತೆ ಸಾಧುವಾಗಿ ಮುಂದೆ ಹೊರಟಿತು.

"ನೆಲ ನೆಟ್ಟಗೇ ಇದೆ ಕಣೇ" ಎಂದಳು ಹದದಮ್ಮ.