ತಿಕೋಟಾದಿಂದ ಬಂದ ಸಹಿ ಗಿಟಾರ್

1976ರಲ್ಲಿ ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಆರ್ಕೆಸ್ಟ್ರಾದವರ ಮೈಕು, ಆಂಪ್ಲಿಫಯರ್, ವಾದ್ಯಗಳೂ ಬರುತ್ತಿದ್ದವು. ನಾನು ಒಂಟಿ ಜೀವ. ಹಗಲೆಲ್ಲ ರೇಡಿಯೋಗಳು ಮಾತಾಡುತ್ತಿದ್ದರೂ ನನ್ನ ಜತೆ ಮಾತಾಡುವವರು ಗಿರಾಕಿಗಳು ಮಾತ್ರ. ಅದಕ್ಕೇ ಏನೋ, ಬಂದವರ ಮುಂದೆ ಜಾಣತನ ತೋರಿಸುವ ಚಟ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಹಳೆಯ ವಾದ್ಯ ಕೈ ಬದಲಾಗುವಾಗ ಕೊಡುವವರು, ಕೊಳ್ಳುವವರು ಇಬ್ಬರೂ ಕೂಡಿ ನನ್ನಲ್ಲಿಗೆ ಬರುವುದು ರೂಢಿ. ನಾನು ಹೇಳಿದ್ದೇ ಅಖೈರು. ಆ ಬೇಸಿಗೆಯಲ್ಲಿ ಹಾಗೆ ಬಂದವರು ತಿಕೋಟಾದ ಟೇಲರ್ ಇಬ್ರಾಹಿಂಸಾಬ್ ಮತ್ತು ಬಬಲೇಶ್ವರದಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಬಸವರಾಜ. ಸಾಬರು ಹೂವಿನ ಚೀಟಿ ಬಟ್ಟೆಯ ಗವಸಿನಿಂದ ಒಂದು ಎಲೆಕ್ಟ್ರಿಕ್ ಗಿಟಾರ್ ತೆಗೆದರು. ಹಡಗಿನ ಕೆಲಸದಲ್ಲಿದ್ದ ಅವರ ಭಾವ ಹೊರದೇಶದಿಂದ ತಂದದ್ದು. ಅದರ ತಲೆಯ ಮೇಲೆ ಅಲ್ಲಿನ ಕಲಾವಿದನೊಬ್ಬನ ಸಹಿ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಈ ಸಹಿ ಐತಿ ಅಂತ ತಗೋಬೇಕೋ ಬ್ಯಾಡೋ, ನೀವ ಹೇಳ್ರಿ," ಅಂದ ಬಸವರಾಜ.

ಯಾಕೆ ಮಾರುತ್ತೀರಿ ಎಂದು ಸಾಬರನ್ನು ಕೇಳಿದೆ.

"ನಾ ಬಾರಸಾಂವ, ನನ್ನ ಹೇಣ್ತಿ ಹಾಡಾಕಿ. ಆಕಿ ತೀರಿಕೊಂಡು ವರ್ಷಾತ್ರಿ. ಈಗ ಒಬ್ಬನ ಬಾರಿಸಿದ್ರ ಮನಿ ಇನ್ನಷ್ಟು ಖಾಲಿ ಅನಸ್ತದ."

ಆ ಮಾತು ನನ್ನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಆಗಲೇ ನಾನು ಹತ್ತಿಗೆ ಸ್ಪಿರಿಟ್ ಹಾಕಿಕೊಂಡಿದ್ದೆ. ಕೊಳೆಯ ಕೆಳಗೆ ಬಿರುಕು ಅಡಗಿರುತ್ತದೆ, ಆದ್ದರಿಂದ ಪರೀಕ್ಷೆಗೆ ಮೊದಲು ಒರೆಸುವುದು ನನ್ನ ಅಭ್ಯಾಸ. ತಲೆ, ಹೊಟ್ಟೆ, ಬೆನ್ನು ಎಲ್ಲ ಒರೆಸಿದೆ. ಕತ್ತು ನೇರವಾಗಿತ್ತು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳನ್ನು ನೋಡಲು, ವಾಲ್ವ್ ರೇಡಿಯೋದ ಬೆನ್ನಿಗೆ ಗ್ರಾಮಫೋನಿಗೆಂದು ಇರುವ ತೂತಿಗೆ ವೈರು ಸಿಕ್ಕಿಸಿ ಮೀಟಿದೆ. ಓಣಿಯ ತುದಿಯವರೆಗೂ ಕೇಳಿತು.

ಆಮೇಲೆ ನನ್ನ ಪಾಠ ಶುರುವಾಯಿತು. ಕಂಪನಿಯವರು ಕಲಾವಿದನಿಗೆ ಒಪ್ಪುವಂತೆ ಒಂದು ಮಾಡೆಲ್ ಮಾಡುತ್ತಾರೆ, ಅವನ ಸಹಿಯನ್ನು ಯಂತ್ರದಿಂದ ಅಚ್ಚು ಹಾಕಿ ಮೇಲೆ ಮೆರುಗೆಣ್ಣೆ ಬಳಿಯುತ್ತಾರೆ. ತೋರಿಸಲೆಂದು ಅದೇ ಹತ್ತಿಯಿಂದ ಬಂಗಾರದ ಸಹಿಯನ್ನು ಇನ್ನೊಮ್ಮೆ ತಿಕ್ಕಿದೆ. ಒಂದು ಗೆರೆಯೂ ಏಳಲಿಲ್ಲ.

"ನೋಡು, ಇದು ಛಾಪಾ. ಆ ಮನಷ್ಯಾ ಇದನ್ನ ಮುಟ್ಟೇ ಇಲ್ಲ. ಸಹಿ ನೋಡಿ ಮರುಳ ಆಗಬ್ಯಾಡ. ಆದ್ರ ಗಿಟಾರ್ ಖರೇನ ಛಲೋ ಐತಿ, ತಗೋ."

ಇಬ್ರಾಹಿಂಸಾಬರು ಗಿಟಾರನ್ನು ತಿರುವಿ, ಬೆನ್ನಿನ ಕೆಳಮೂಲೆಯನ್ನು ಬೆರಳಿನಿಂದ ಸವರಿದರು.

"ಇಲ್ಲೊಂದು ಹೆಸರ ಇತ್ತಲ್ರೀ?"

ನನ್ನ ಕೈಯ ಹತ್ತಿ ನೀಲಿಯಾಗಿತ್ತು. ಶಾಲೆಯ ಮುಖ ನೋಡದ ಹೆಂಡತಿಗೆ ಅವರೇ ಅಕ್ಷರ ಕಲಿಸಿದ್ದರಂತೆ. ಮೊದಲ ಸಲ ಸಹಿ ಮಾಡಲು ಬಂದ ದಿನ ಆಕೆ ಬಾಲ್‌ಪೆನ್ನಿನಿಂದ ಅಲ್ಲಿ 'ಜೈನಾಬಿ' ಎಂದು ಬರೆದಿದ್ದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಪ್ಪಾಯಿತು ಅಂದೆ.

"ನಿಮ್ಮ ಕಡೇನ ಇರಲಿ ಬಿಡ್ರಿ," ಅಂದ ಬಸವರಾಜ.

ಸಾಬರು ತಲೆ ಅಲ್ಲಾಡಿಸಿದರು. "ಒಯ್ರಿ. ಆಕಿ ಹೆಸರ ಇದ್ದದ್ದು ಹೆಂಗ ಕೊಡಲಿ ಅಂತ ದಾರಿತುಂಬ ಅನಕೋತ ಬಂದೇನಿ. ಈಗ ಕೊಡಾಕ ಬರ್ತದ." ಆಮೇಲೆ ನನ್ನ ಕಡೆ ಕೈ ಚಾಚಿದರು. "ಆ ಹತ್ತಿ ಅಷ್ಟ ನನಗ ಕೊಡ್ರಿ."

ಅದನ್ನು ಕರವಸ್ತ್ರದಲ್ಲಿ ಮಡಿಚಿ ಎದೆಯ ಜೇಬಿಗೆ ಹಾಕಿಕೊಂಡರು. ಖಾಲಿ ಗವಸನ್ನು ಹೆಗಲಿಗೆ ಹಾಕಿಕೊಂಡು ತಿಕೋಟಾ ಬಸ್ಸಿಗೆ ಹೋದರು.

ಮುಂದೆ ಅಂಗಡಿಯನ್ನು ಕಾಯಮ್ಮಾಗಿ ಮುಚ್ಚುವವರೆಗೂ ಯಾವ ಸಾಮಾನು ಬಂದರೂ, ಒರೆಸುವ ಮೊದಲು ಇದನ್ನು ಯಾರು ಬಳಸುತ್ತಿದ್ದರು ಎಂದು ಕೇಳಿಕೊಳ್ಳುತ್ತಿದ್ದೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮುಟ್ಟದವನ ಸಹಿಯನ್ನು ಅಷ್ಟು ಹೊತ್ತು ಪರೀಕ್ಷಿಸಿದವನಿಗೆ ಮುಟ್ಟಿದವಳ ಸಹಿ ಕಾಣಲಿಲ್ಲ. ನನ್ನ ಮನೆಯ ಯಾವ ವಸ್ತುವಿನ ಮೇಲೂ ಯಾರೂ ಹೆಸರು ಬರೆದಿರಲಿಲ್ಲ, ಅದಕ್ಕೇ ಇರಬೇಕು.