ಗೆರೆಯಿಲ್ಲದ ಹೆಬ್ಬೆಟ್ಟು

ಯಾಮೊರಾನ್ಸಾ ಕೂಡುರಸ್ತೆಯಲ್ಲಿ ಕೆಂಕೆ ಎಂಬ ಕಡುಬು ಮಾರುವ ಹೆಂಗಸರು ನಲವತ್ತು ಮಂದಿ. ಅವರಲ್ಲಿ ಮೂವತ್ತೊಂಬತ್ತು ಮಂದಿ ಕುದಿಯುವ ಪೀಪಾಯಿಯಿಂದ ಕೆಂಕೆ ಎತ್ತಲು ಸೌಟು ಹಿಡಿಯುತ್ತಾರೆ. ಅಬಾ ಬೆಂಟ್ಸಿವಾ ಮಾತ್ರ ಬರಿಗೈ ಹಾಕುತ್ತಾಳೆ. ಸೌಟು ಹಿಡಿದವರ ಬೆರಳುಗಳಲ್ಲಿ ಗೆರೆಗಳಿವೆ. ಅಬಾಳ ಹೆಬ್ಬೆಟ್ಟು ಹೊಳೆಯ ಕಲ್ಲಿನಂತೆ ನುಣ್ಣಗಿದೆ. ಅದರ ಎಡ ಅಂಚಿನಲ್ಲಿ ಒಂದು ಕಚ್ಚು ಮಾತ್ರ ಇದೆ. ಹದಿಹರೆಯದಲ್ಲಿ ತೆಂಗಿನಕಾಯಿ ಸುಲಿಯುವಾಗ ಮಚ್ಚು ಕೊಟ್ಟ ಉಡುಗೊರೆ ಅದು.

ಹತ್ತೊಂಬತ್ತಕ್ಕೆ ಲಾರಿ ಚಾಲಕನೊಬ್ಬನ ಹೆಂಡತಿಯಾಗಿ ಈ ಊರಿಗೆ ಬಂದಳು. ಚಾಲಕ ಕುಮಾಸಿಗೆ ಹೊರೆ ಒಯ್ದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಗಂಡ ಹೋದ, ಪೀಪಾಯಿ ಉಳಿಯಿತು. ಎರಡರಲ್ಲಿ ಕಾವು ಆರದಿದ್ದದ್ದು ಅದೊಂದೇ ಎಂದು ಅಬಾ ಇವತ್ತಿಗೂ ಹೇಳುತ್ತಾಳೆ.

ಒಂದು ಪೀಪಾಯಿಯಲ್ಲಿ ನಾಲ್ವರು ಹೆಂಗಸರ ಕೆಂಕೆ ಬೇಯುತ್ತದೆ. ಹುಳಿ ಹಿಡಿಸಿದ ಮೆಕ್ಕೆಜೋಳದ ಹಿಟ್ಟನ್ನು ಉಂಡೆ ಕಟ್ಟಿ, ಒಣ ಬಾಳೆಯೆಲೆಯಲ್ಲಿ ಸುತ್ತಿ ಹಾಕಿದ ಮೇಲೆ ಯಾರದು ಯಾವುದೆಂದು ದೇವರಿಗೂ ತಿಳಿಯುವುದಿಲ್ಲ. ಅದಕ್ಕೇ ಎಲೆ ಮಡಚುವ ಮುನ್ನ ಪ್ರತಿಯೊಬ್ಬಳೂ ಉಂಡೆಯ ನೆತ್ತಿಗೆ ತನ್ನ ಗುರುತು ಒತ್ತುತ್ತಾಳೆ. ಗೆಳತಿ ಮಾನ್ಸಾಳದು ಎರಡು ಬೆರಳು, ಅಬಾಳದು ಹೆಬ್ಬೆಟ್ಟು. ಬೆಂದ ಮೇಲೂ ಆ ಕುಳಿ ಹಾಗೇ ನಿಲ್ಲುತ್ತದೆ: ಗುಂಡಗೆ, ನುಣ್ಣಗೆ, ಎಡಗಡೆ ಯಾರೋ ಕಚ್ಚಿದ ಚಂದ್ರನ ಹಾಗೆ.

ಸರ್ಕಾರದ ಗುರುತಿನ ಯಂತ್ರಕ್ಕೆ ಮಾತ್ರ ಈ ಚಂದ್ರ ಕಾಣಲಿಲ್ಲ. ಗುರುತಿನ ಚೀಟಿ ಮಾಡಿಸಲು ಹೋದಾಗ ಮೂರು ಸಲ ಒತ್ತಿಸಿದ ಗುಮಾಸ್ತ ಕೈಚೆಲ್ಲಿದ. "ಮಾಮೆ, ಯಂತ್ರಕ್ಕೆ ನೀವು ಕಾಣ್ತಾನೇ ಇಲ್ಲ."

"ಹಾಗಾದ್ರೆ ಅದಕ್ಕೊಂದು ಕನ್ನಡಕ ಹಾಕ್ಸಪ್ಪ," ಎಂದಿದ್ದಳು ಅಬಾ. ಈ ಕಡೆ ತಾಯಂದಿರ ವಯಸ್ಸಿನವರನ್ನೆಲ್ಲ ಮಾಮೆ ಎನ್ನುತ್ತಾರೆ. ಯಂತ್ರಗಳಿಗಷ್ಟೇ ಆ ಮರ್ಯಾದೆ ಗೊತ್ತಿಲ್ಲ.

ಇಂಥ ಅಬಾ ದೋಣಿ ಗುರುತಿನ ಪಕ್ಷಕ್ಕೆ ತನ್ನ ಮತಗಟ್ಟೆಯ ಮಹಿಳಾ ಸಂಘಟಕಿಯಾಗಿ ಇಪ್ಪತ್ತೆರಡು ವರ್ಷಗಳಾಗಿದ್ದವು. ರಾಷ್ಟ್ರಾಧ್ಯಕ್ಷರ ಚುನಾವಣೆಗೆ ಪಕ್ಷದ ಬಾವುಟ ಹಿಡಿಯುವವರು, ಅಂದರೆ ಅಭ್ಯರ್ಥಿ, ಯಾರೆಂದು ತೀರ್ಮಾನಿಸಲು ಪಕ್ಷದೊಳಗೇ ಒಂದು ಮತದಾನ ನಡೆಯುತ್ತದೆ. ಅದರಲ್ಲಿ ಮತ ಹಾಕುವವರು ಅಬಾಳಂಥ ತಳದ ಕಾರ್ಯಕರ್ತರು. ಆ ವರ್ಷ ಕಣದಲ್ಲಿದ್ದವರು ಇಬ್ಬರು: ಪ್ರೊಫೆಸರರು ಮತ್ತು ವಕೀಲರು.

ಪ್ರೊಫೆಸರರ ಸೇನಾಧಿಪತಿ ಬೊಂಡ್ಜಿ. ಲಾರಿ ನಿಲ್ದಾಣದ ಚಾಲಕರ ಸಂಘಕ್ಕೆ ಅಧ್ಯಕ್ಷ, ನೂರಿಪ್ಪತ್ತು ಚಾಲಕರ ಹೊಟ್ಟೆಗಳ ಒಡೆಯ. ಆ ನೂರಿಪ್ಪತ್ತು ಹೊಟ್ಟೆಗಳೂ ಬೆಳಿಗ್ಗೆ ಅಬಾಳ ಕೆಂಕೆಯಿಂದಲೇ ತುಂಬುತ್ತಿದ್ದವು. ಪ್ರೊಫೆಸರರ ಮುಖ ಅಚ್ಚೊತ್ತಿದ ಬಟ್ಟೆಯನ್ನು ಬೊಂಡ್ಜಿ ಊರಿಗೆಲ್ಲ ಹಂಚಿದ. ಅಬಾ ಲಂಗ ಹೊಲಿಸಿಕೊಂಡಳು. ದರ್ಜಿಯ ಕೈಗುಣವೋ ವಿಧಿಯಾಟವೋ, ಪ್ರೊಫೆಸರರ ಗಂಭೀರ ಮುಖ ಸರಿಯಾಗಿ ಅವಳು ಕೂರುವ ಜಾಗಕ್ಕೇ ಬಂದಿತ್ತು. ಪ್ರಚಾರದ ಮೆರವಣಿಗೆಯಲ್ಲಿ ಅವಳು ಕುಣಿದಾಗ ಪ್ರೊಫೆಸರರು ಎಡಕ್ಕೂ ಬಲಕ್ಕೂ ವಾಲಿ ಜನರ ಜಯಕಾರ ಸ್ವೀಕರಿಸಿದರು. ಅಬಾಳ ಮತ ಎತ್ತ ಎಂಬ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಆದರೆ ಎಂಟು ವರ್ಷಗಳ ಹಿಂದೆ ರಸ್ತೆ ಅಗಲಿಸುವವರು ಬುಲ್ಡೋಜರ್ ತಂದು ಕೂಡುರಸ್ತೆಯ ಅಂಗಡಿಗಳ ಮುಂದೆ ನಿಲ್ಲಿಸಿದಾಗ, ಕೈಯಲ್ಲೊಂದು ಕಾಗದ ಹಿಡಿದು ಅದರ ಎದುರು ನಿಂತಿದ್ದವರು ವಕೀಲರು. ಕಾಗದದಲ್ಲಿ ಏನಿತ್ತೋ ಅಬಾಳಿಗೆ ಗೊತ್ತಿಲ್ಲ. ಬುಲ್ಡೋಜರ್ ಹಿಂದಕ್ಕೆ ಹೋದದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದಳು.

ಶನಿವಾರ ಶಾಲೆಯ ಸಭಾಂಗಣದಲ್ಲಿ ಮತದಾನವಾಯಿತು. ನಮ್ಮಲ್ಲಿ ಪಂಡಿತನಾಗಲಿ ಪಾಮರನಾಗಲಿ ಮತ ಹಾಕುವುದು ಹೆಬ್ಬೆಟ್ಟಿನಿಂದಲೇ. ಅಭ್ಯರ್ಥಿಯ ಚಿತ್ರದ ಪಕ್ಕದ ಚೌಕದಲ್ಲಿ ಮಸಿ ಒತ್ತಬೇಕು. ಅಬಾ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಿ, ಲಂಗ ಕೊಡವಿಕೊಂಡು ಹೊರಬಂದಳು.

ಮೂರು ಗಂಟೆಗೆ ಎಣಿಕೆ. ಒಳಗೆ ಮೇಜಿನ ಸುತ್ತ ಎಣಿಕೆ ಅಧಿಕಾರಿ ಟಾಂಡೋ ಸಾಹೇಬರು, ಪ್ರೊಫೆಸರರ ಕಡೆಯಿಂದ ಬೊಂಡ್ಜಿ, ವಕೀಲರ ಕಡೆಯಿಂದ ಕಡ್ಡಿಯಂಥ ನಿವೃತ್ತ ಮೇಷ್ಟ್ರು ಎಡುಫುಲ್. ಹೊರಗೆ ಒಂದೊಂದು ಕಿಟಕಿಗೂ ಇಪ್ಪತ್ತು ತಲೆಗಳು. ಬೊಂಡ್ಜಿ ಊಟಕ್ಕೂ ಏಳದೆ ಮೇಜಿನ ತುದಿಯಲ್ಲೇ ಕೆಂಕೆಯ ಎಲೆ ಬಿಚ್ಚಿಟ್ಟುಕೊಂಡು, ಹುರಿದ ಮೀನು ಮುರಿಯುತ್ತಾ ಪ್ರಜಾಪ್ರಭುತ್ವವನ್ನು ಕಾಯುತ್ತಿದ್ದ.

ಇನ್ನೂರ ತೊಂಬತ್ತೊಂದು ಮತ. ಪ್ರೊಫೆಸರರಿಗೆ ನೂರ ನಲವತ್ತೈದು. ವಕೀಲರಿಗೆ ನೂರ ನಲವತ್ತೈದು. ಕೊನೆಯ ಚೀಟಿಯನ್ನು ಟಾಂಡೋ ಸಾಹೇಬರು ಬೆಳಕಿಗೆ ಎತ್ತಿ ಹಿಡಿದರು. ವಕೀಲರ ಚೌಕದ ನಟ್ಟನಡುವೆ ಒಂದು ಕಪ್ಪು ಗುಂಡು.

"ಇದು ನಡೆಯಲ್ಲ ಸಾಹೇಬ್ರೇ," ಬೊಂಡ್ಜಿ ಮೀನು ಕೆಳಗಿಟ್ಟ. "ಇದು ಹೆಬ್ಬೆಟ್ಟಲ್ಲ. ಯಾವನೋ ಬಾಟಲಿ ಬಿರಡೆ ಒತ್ತಿದಾನೆ. ಗೆರೆ ಎಲ್ಲಿದೆ ತೋರ್ಸಿ?"

"ಮಸಿ ಜಾಸ್ತಿ ಆದ್ರೆ ಗೆರೆ ಮುಚ್ಚಿಹೋಗತ್ತಪ್ಪ," ಎಂದರು ಎಡುಫುಲ್ ಮೇಷ್ಟ್ರು.

"ಒಂದಾದ್ರೂ ಉಳೀಬೇಕಲ್ಲ ಮೇಷ್ಟ್ರೇ! ಕಾಲ್ಬೆರಳು ಒತ್ತಿದ್ರೂ ಗೆರೆ ಬರತ್ತೆ. ಇದು ಮನುಷ್ಯರದ್ದೇ ಅಲ್ಲ. ತಿರಸ್ಕಾರ ಮಾಡಿ."

ಎರಡನೆಯ ಕಿಟಕಿಯಲ್ಲಿದ್ದ ಅಬಾಳಿಗೆ ಆ ಕಪ್ಪು ಗುಂಡಿನ ಎಡಗಡೆಯ ಕಚ್ಚು ದೂರದಿಂದಲೇ ಕಂಡಿತು. ಪಕ್ಕದಲ್ಲಿದ್ದ ಮಾನ್ಸಾಳಿಗೂ ಕಂಡಿತು. ಅವಳು ಗೆಳತಿಯ ತೋಳನ್ನು ಚಿವುಟಿ ಹಿಡಿದಳು.

"ಸುಮ್ನಿರು. ನೂರಿಪ್ಪತ್ತು ಜನ ಡ್ರೈವರು ಕಣೇ. ದಿನಾ ಬೆಳಿಗ್ಗೆ. ಬಾಯಿ ಮುಚ್ಕೊಂಡಿರು."

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಚೀಟಿ ಕಸಕ್ಕೆ ಹೋಗುತ್ತಿತ್ತು, ಚಾಲಕರು ಕೆಂಕೆಗೆ ಬರುತ್ತಿದ್ದರು. ಅಬಾ ಅಷ್ಟನ್ನೂ ಯೋಚಿಸಿದಳು. ಯಂತ್ರ ತನ್ನನ್ನು ಮನುಷ್ಯಳಲ್ಲ ಎಂದದ್ದನ್ನು ಅವಳು ಮನ್ನಿಸಿದ್ದಳು, ಪಾಪ, ಅದು ಕೆಂಕೆ ತಿಂದದ್ದಲ್ಲ. ಆದರೆ ಬೊಂಡ್ಜಿ?

ತೋಳು ಕೊಸರಿಕೊಂಡು, ಬಾಗಿಲ ಕಾವಲಿನ ಪೊಲೀಸಪ್ಪನನ್ನು ಸೊಂಟದಿಂದಲೇ ಪಕ್ಕಕ್ಕೆ ಸರಿಸಿ, ಪ್ರೊಫೆಸರರನ್ನು ಬೆನ್ನಿಗಿಟ್ಟುಕೊಂಡು ಅಬಾ ರಣರಂಗ ಪ್ರವೇಶಿಸಿದಳು.

"ಆ ಹೆಬ್ಬೆಟ್ಟು ನಂದು."

ಬೊಂಡ್ಜಿಯ ದವಡೆ ಅಗಿಯುವುದನ್ನು ಮರೆಯಿತು. "ಮಾಮೆ... ನೀವಾ? ವಕೀಲರಿಗಾ? ನಮ್ಮ ಬಟ್ಟೆ ಉಟ್ಕೊಂಡು ಕುಣಿದ್ರಲ್ಲ!"

"ಉಟ್ಟೆ. ಕುಣಿದೆ. ಬಟ್ಟೆ ನೀನು ಸೊಂಟಕ್ಕೆ ಕೊಟ್ಟೆ, ಸೊಂಟ ಕುಣೀತು. ಹೆಬ್ಬೆಟ್ಟಿಗೆ ನೀನೇನು ಕೊಟ್ಟಿದ್ದೆ?"

ಕಿಟಕಿಗಳು ಘೊಳ್ಳೆಂದು ನಕ್ಕವು. ಟಾಂಡೋ ಸಾಹೇಬರು ಮೇಜು ಕುಟ್ಟಿದರು. "ಅಮ್ಮಾ, ಹೀಗೆಲ್ಲ ಒಳಗೆ ಬರೋ ಹಾಗಿಲ್ಲ."

"ಬಂದಾಯ್ತಲ್ಲ ಸಾಹೇಬ್ರೇ. ಹೆಬ್ಬೆಟ್ಟು ಮನುಷ್ಯರದ್ದಲ್ಲ ಅಂದ್ರೆ ಮನುಷ್ಯಳೇ ಬರ್ಬೇಕಲ್ವಾ?"

"ಬಾಯಲ್ಲಿ ಹೇಳಿದ್ರೆ ಆಗೋಯ್ತಾ?" ಬೊಂಡ್ಜಿ ಚೇತರಿಸಿಕೊಂಡ. "ಸಾಕ್ಷಿ ಬೇಕು."

ಅಬಾಳ ಕಣ್ಣು ಮೇಜಿನ ತುದಿಗೆ ಹೋಯಿತು. ಅರ್ಧ ತಿಂದ ಕೆಂಕೆ ಎಲೆಯ ಮೇಲಿತ್ತು, ಅದರ ನೆತ್ತಿ ಇನ್ನೂ ಮುಟ್ಟದೆ ಉಳಿದಿತ್ತು. ಅವಳು ಎಲೆಯನ್ನು ಹಾಗೇ ಎತ್ತಿ ತಂದು ಚೀಟಿಯ ಪಕ್ಕದಲ್ಲಿಟ್ಟಳು. "ನೋಡಿ ಸಾಹೇಬ್ರೇ. ಸಾಕ್ಷೀನ ಇವನು ಆಗಲೇ ಅರ್ಧ ನುಂಗಿದಾನೆ. ಪುಣ್ಯಕ್ಕೆ ಇನ್ನರ್ಧ ಇದೆ."

ಟಾಂಡೋ ಸಾಹೇಬರು ಕನ್ನಡಕ ಮೇಲೇರಿಸಿ ಬಗ್ಗಿದರು. ಚೀಟಿಯಲ್ಲಿ ಕಪ್ಪು ಚಂದ್ರ, ಕೆಂಕೆಯಲ್ಲಿ ಬಿಳಿ ಚಂದ್ರ. ಎರಡಕ್ಕೂ ಎಡಗಡೆ ಒಂದೇ ಕಚ್ಚು. ಎಡುಫುಲ್ ಮೇಷ್ಟ್ರು ಅಡಿಕೋಲು ತೆಗೆದು ಎರಡನ್ನೂ ಅಳೆದರು. ಅವರ ಬಾಳಿನಲ್ಲಿ ಅಷ್ಟು ಸಂತೋಷದಿಂದ ಅಡಿಕೋಲು ಹಿಡಿದದ್ದು ಅದೇ ಮೊದಲು.

ಬೊಂಡ್ಜಿ ಸೋಲೊಪ್ಪುವ ಜಾತಿಯಲ್ಲ. ಥಟ್ಟನೆ ಬೆರಳೆತ್ತಿದ. "ಸರಿ, ಅವರದ್ದೇ! ಮತ ಹಾಕಿದ್ದು ಯಾರು ಅಂತ ತಿಳಿಯೋ ಗುರುತು ಚೀಟಿ ಮೇಲೆ ಇದ್ರೆ ಅದು ತಿರಸ್ಕಾರ. ನಿಮ್ಮ ಪುಸ್ತಕದಲ್ಲೇ ಇದೆ. ಈಗ ಊರಿಗೆಲ್ಲ ತಿಳೀತು. ತಿರಸ್ಕಾರ!"

ಗುರುತು ಸಿಗದಿದ್ದರೆ ಮನುಷ್ಯಳಲ್ಲ, ಸಿಕ್ಕರೆ ಮತವಲ್ಲ. ವಕೀಲರೇ ಬಂದಿದ್ದರೂ ಬೆವರುತ್ತಿದ್ದರು. ಅಬಾ ಬೆವರಲಿಲ್ಲ, ಪೀಪಾಯಿಯ ಮುಂದೆ ಬೆವರಿ ಮುಗಿಸಿದ್ದಳು.

"ಬೊಂಡ್ಜಿ, ನಿನ್ನ ಹೆಬ್ಬೆಟ್ಟಲ್ಲಿ ಗೆರೆ ಇದೆಯಾ?"

"ಇದೆ."

"ಆ ಗೆರೆ ನೋಡಿ ಪೊಲೀಸ್ರು ನಿನ್ನ ಗುರುತು ಹಿಡೀತಾರಾ?"

ಹಳೆಯದೊಂದು ಪ್ರಕರಣ ನೆನಪಾದ ಕಿಟಕಿಗಳು ಕಿಸಕ್ಕೆಂದವು. ಬೊಂಡ್ಜಿ ಗೊಣಗಿದ. "ಹಿಡೀತಾರೆ. ಅದಕ್ಕೇನೀಗ?"

"ನಿಂದನ್ನ ಪೊಲೀಸ್ರು ಓದ್ತಾರೆ, ನಂದನ್ನ ಹಸಿದೋರು ಓದ್ತಾರೆ. ಅದಕ್ಕೆ ನನ್ನ ಮತ ಹೋಗೋದಾದ್ರೆ ಈ ಇನ್ನೂರ ತೊಂಬತ್ತೊಂದನ್ನೂ ತಗೊಂಡೋಗಿ ಒಲೆಗೆ ಹಾಕಿ. ಬೆಂಕಿ ಸಾಕಾಗದಿದ್ರೆ ಹೇಳಿ, ನಾನು ಕಟ್ಟಿಗೆ ತರ್ತೀನಿ."

ಟಾಂಡೋ ಸಾಹೇಬರು ನಿಯಮದ ಪುಸ್ತಕ ತೆರೆದು ಎರಡು ಸಲ ಓದಿದರು. ಒಂದು ಸಲ ಕೆಂಕೆಯನ್ನೂ ನೋಡಿದರು. ಬೆಳಗಿನಿಂದ ಅವರಿಗೆ ಊಟವಾಗಿರಲಿಲ್ಲ.

"ಹೆಸರು ಬರೆದಿದ್ರೆ ತಿರಸ್ಕಾರ. ಸಹಿ ಇದ್ರೆ ತಿರಸ್ಕಾರ," ಎಂದರು ನಿಧಾನವಾಗಿ. "ಹೆಬ್ಬೆಟ್ಟು ಒತ್ತಿ ಅಂತ ಹೇಳಿ, ಅದು ನಿಮ್ಮ ಹೆಬ್ಬೆಟ್ಟಿನ ಥರಾನೇ ಇದೆ ಅಂತ ತಿರಸ್ಕರಿಸೋಕೆ ಈ ಪುಸ್ತಕದಲ್ಲಿ ಜಾಗ ಇಲ್ಲ. ಮತ ಸಿಂಧು. ವಕೀಲರಿಗೆ ನೂರ ನಲವತ್ತಾರು."

ಮರುದಿನ ರೇಡಿಯೊ ದೇಶದ ಲೆಕ್ಕ ಹೇಳಿತು. ಪ್ರೊಫೆಸರರು ಮೂವತ್ತು ಸಾವಿರ ಮತಗಳಿಂದ ಗೆದ್ದಿದ್ದರು.

"ಆಯ್ತಲ್ಲ, ಈಗ ತೃಪ್ತಿ ಆಯ್ತಾ?" ಎಂದಳು ಮಾನ್ಸಾ.

"ಮೂವತ್ತು ಸಾವಿರಕ್ಕೆ ಒಂದು ಕಮ್ಮಿ," ಎಂದಳು ಅಬಾ. "ಆ ಒಂದು ನಂದು."

ಅಬಾಳ ಅಂಗಡಿಯತ್ತ ತಲೆ ಹಾಕಬಾರದೆಂದು ಬೊಂಡ್ಜಿ ಚಾಲಕರಿಗೆ ಆಜ್ಞೆ ಹೊರಡಿಸಿದ್ದ. ಸೋಮವಾರ ಒಬ್ಬನೂ ಬರಲಿಲ್ಲ. ಅಬಾ ಎಂದಿನಷ್ಟೇ ಉಂಡೆ ಕಟ್ಟಿದಳು, ಗುರುತನ್ನು ಎಂದಿಗಿಂತ ಆಳವಾಗಿ ಒತ್ತಿದಳು. ಮಂಗಳವಾರ ಉಳಿದದ್ದನ್ನು ನೆರೆಹೊರೆಗೆ ಹಂಚಿ, ಬುಧವಾರ ಮತ್ತೆ ಅಷ್ಟೇ ಕಟ್ಟಿದಳು. ಅಂದು ನಾಲ್ವರು ಚಾಲಕರು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಬಂದು ಒಯ್ದರು. ಎಲ್ಲರೂ ಮರಳಲಿಲ್ಲ, ಕೆಲವರು ಇವತ್ತಿಗೂ ಎದುರು ಸಾಲಿನಲ್ಲೇ ತಿನ್ನುತ್ತಾರೆ. ಶುಕ್ರವಾರ ಬಂದವನು ಖುದ್ದು ಬೊಂಡ್ಜಿ. ಅಬಾ ಪ್ರೊಫೆಸರರ ಲಂಗವನ್ನೇ ಉಟ್ಟಿದ್ದಳು.

"ಇನ್ನೂ ಅದನ್ನ ಉಡ್ತೀರಾ?" ಅವನಿಗೆ ನಿಜಕ್ಕೂ ಬೆರಗು.

"ಮತ್ತೆ? ಈಗ ನಮ್ಮ ಬಾವುಟ ಹಿಡಿಯೋರು ಅವರೇ ತಾನೇ? ಪಕ್ಷಕ್ಕೆ ದುಡಿಯೋಳು ನಾನು, ನಿನಗಲ್ಲ. ಏನು ಬೇಕು?"

ಬೊಂಡ್ಜಿ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮಾಮೆ, ಗುರುತು ಒತ್ತದೇ ಇರೋದು ಒಂದಿದ್ರೆ..."

"ಅಂಥದ್ದು ಇಲ್ಲಿ ಸಿಗಲ್ಲ."

ಅವನು ನಿಂತ. ಹಿಂದೆ ಮೂರು ಲಾರಿಗಳು ಹಾರ್ನ್ ಹೊಡೆದವು. ಕೊನೆಗೆ ಕೈ ಚಾಚಿದ. ಅಬಾ ಕುದಿಯುವ ಪೀಪಾಯಿಗೆ ಬರಿಗೈ ಹಾಕಿ ಒಂದನ್ನು ಎತ್ತಿ, ಎಲೆ ಬಿಚ್ಚಿ, ನೆತ್ತಿಯನ್ನು ಅವನತ್ತ ತಿರುಗಿಸಿ ಹಿಡಿದಳು.

"ಇದು ಯಾರದ್ದು?"

"ನಿಮ್ಮ ಹೆಬ್ಬೆಟ್ಟು, ಮಾಮೆ."

"ಬಾಟಲಿ ಬಿರಡೆ ಅಲ್ವಾ?"

"ಅಲ್ಲ."

"ಮತ್ತೆ?"

ಬೊಂಡ್ಜಿ ನಿಟ್ಟುಸಿರುಬಿಟ್ಟ. "ಮನುಷ್ಯರದ್ದು."

ಆಮೇಲೆಯೇ ಅವಳು ಎಲೆಯ ಮೇಲೆ ಮೆಣಸಿನ ಚಟ್ನಿ ಹಾಕಿದ್ದು.